ಗೋಡೆ ಯಾರದು ಅಂತ ಕೇಳೋದು ಬಿಟ್ಟೆವು

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಕೆಡವಿ ಆರ್‌ಸಿಸಿ ಕಟ್ಟೋಣ ಅಂತ ಹೊರಟಾಗ ಪೂರ್ವದ ಗೋಡೆಯ ತಕರಾರು ಎದ್ದಿತು. ಎರಡಡಿ ದಪ್ಪದ ಕಲ್ಲಿನ ಗೋಡೆ. ನಮ್ಮದು ಅಂತ ನಾವು, ತಮ್ಮದು ಅಂತ ಪಕ್ಕದ ಮನೆಯ ಕಾಕಾ.

ಮೊದಲು ಕಾಗದ ಹುಡುಕಿದೆ. ಅಜ್ಜನ ಖರೀದಿ ಪತ್ರ ಉರ್ದುವಿನಲ್ಲಿತ್ತು. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ಹಳೇ ಪತ್ರಗಳು ಹಾಗೇ ಇರ್ತವೆ. ಬಲ್ಲವರಿಂದ ಓದಿಸಿದೆ. ಚಕ್ಕುಬಂದಿಯಲ್ಲಿ, ಅಂದ್ರೆ ನಾಲ್ಕೂ ದಿಕ್ಕಿನ ಎಲ್ಲೆ ಬರೆಯೋ ಕಡೆ, ಪೂರ್ವಕ್ಕೆ ಇಂಥವರ ಮನೆ ಅಂತಷ್ಟೇ ಇದೆ. ಅಳತೆ ಗಜದಲ್ಲಿ. ಒಂದು ಗಜ ಅಂದ್ರೆ 3 ಅಡಿ, ಸರಿ. ಆದರೆ ಅಳೆದದ್ದು ಗೋಡೆಯ ಒಳಮೈಗೋ ಹೊರಮೈಗೋ? ಅದು ಎಲ್ಲೂ ಇಲ್ಲ. ಜಗಳವೆಲ್ಲ ಇರೋದೇ ಆ ಎರಡಡಿಯಲ್ಲಿ ಅಲ್ವಾ!

ಆಮೇಲೆ ಮೇಸ್ತ್ರಿಯನ್ನು ಕರೆಸಿ, ಕಾಕಾನ ಎದುರಿಗೇ ಗಿಲಾವು ಕೆರೆಸಿದೆ. ನಮ್ಮ ತೊಲೆಗಳ ತುದಿಯೂ ಗೋಡೆಯೊಳಗೆ, ಅವರ ತೊಲೆಗಳ ತುದಿಯೂ ಗೋಡೆಯೊಳಗೆ. ಕಾಕಾ ಸುಮ್ನೆ ನೋಡ್ತಾ ನಿಂತು, "ತಮ್ಮಾ, ನೀ ಇದು ಕೆಡವಿದ್ರ ನನ್ನ ಮಾಳಗಿ ಎದರ ಮ್ಯಾಲ ನಿಂದರ್ತದ?" ಅಂದರು. ಅಲ್ಲಿಗೆ ಯಾರದು ಅನ್ನೋ ಮಾತು ಬಿಟ್ಟು, ಗೋಡೆ ಏನೇನು ಹೊತ್ತಿದೆ ಅನ್ನೋದಕ್ಕೆ ಬಂದೆವು. ನನ್ನ ಪ್ರಕಾರ ಅರ್ಧ ವ್ಯಾಜ್ಯ ಮುಗಿದದ್ದು ಅಲ್ಲೇ.

ಗೋಡೆ ಮುಟ್ಟಬಾರದು, ಹೊಸ ಮನೆಯ ಭಾರ ಅದರ ಮೇಲೆ ಬೀಳಬಾರದು ಅಂತ ಒಪ್ಪಿದೆವು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಹಳೇ ಬುನಾದಿಯ ಮಗ್ಗುಲಲ್ಲೇ ಆಳ ತೋಡಿದರೆ ಗೋಡೆ ವಾಲೋದು ಖಾತ್ರಿ. ಹಾಗಾಗಿ ಎಂಜಿನಿಯರ್ ಕಾಲಂಗಳನ್ನು ಒಳಗೆ ಸರಿಸಿ, ಬೀಮನ್ನು ಗೋಡೆಯ ಕಡೆ ಚಾಚಿಸಿದರು. ನಮ್ಮ ಕೋಣೆ ಸ್ವಲ್ಪ ಕಿರಿದಾಯಿತು, ಆಗಲಿ. ಜೆಸಿಬಿ ಬಿಡಲಿಲ್ಲ. ಒಂದು ಗುಂಡಿ ತೋಡಿ ತುಂಬಿಸಿದ ಮೇಲೇ ಇನ್ನೊಂದು.

ಕೆಲಸಕ್ಕೆ ಮುಂಚೆ ಕಾಕಾನ ಮನೆಯೊಳಗಿನ ಎಲ್ಲ ಸೀಳುಗಳ ಫೋಟೋ ತೆಗೆದು, ಪ್ರಿಂಟಿನ ಮೇಲೆ ತಾರೀಖು ಬರೆದು ಇಬ್ಬರೂ ಸಹಿ ಹಾಕಿದೆವು. ದೊಡ್ಡ ಸೀಳಿನ ಮೇಲೆ ಅಡ್ಡಕ್ಕೆ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದೆವು. ಗೋಡೆ ಅಲುಗಿದರೆ ಗಾಜು ಒಡೆಯುತ್ತೆ. ಕಾಕಾನ ಮೊಮ್ಮಗ ದಿನಾ ಬೆಳಿಗ್ಗೆ ಅದನ್ನು ನೋಡಿ ನಮಗೆ ರಿಪೋರ್ಟ್ ಕೊಡ್ತಿದ್ದ. ಕೊನೇವರೆಗೂ ಗಾಜು ಒಡೆಯಲಿಲ್ಲ.

ಅವರ ಮಾಳಿಗೆಯ ಮಳೆನೀರು ದೋಣಿಯಿಂದ (ನೀರು ಹೊರಬೀಳೋ ಕೊಳವೆ) ಹಿಂದಿನಿಂದಲೂ ನಮ್ಮ ಅಂಗಳಕ್ಕೇ ಬೀಳ್ತಿತ್ತು. 1882ರ ಈಸ್‌ಮೆಂಟ್ (ಪಕ್ಕದವರ ಜಾಗ ಬಳಸೋ ಹಕ್ಕಿನ) ಕಾಯ್ದೆಯಲ್ಲಿ 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ನಡೆದು ಬಂದ ಇಂಥ ಬಳಕೆಗೆ ಬಲ ಬರುತ್ತೆ. ಆ ವಾದಕ್ಕೆ ಇಳಿಯದೆ ಪಿವಿಸಿ ಪೈಪ್ ಹಾಕಿಸಿ ರಸ್ತೆಯ ಚರಂಡಿಗೆ ಬಿಟ್ಟೆವು. ಖರ್ಚು ಅರ್ಧರ್ಧ.

ಕಾಗದದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕು ಅಂತ ಜನ ಹೇಳ್ತಾರೆ. ಆದರೆ 100 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟಿಸುವ, ಬಿಟ್ಟುಕೊಡುವ ಪತ್ರವನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು. ವಕೀಲರಿಂದ ಬರೆಸಿ ಉಪನೋಂದಣಿ ಕಚೇರಿಗೆ ಹೋದೆವು. ಗೋಡೆ ಇಬ್ಬರದೂ, ರಿಪೇರಿ ಇಬ್ಬರದೂ, ಒಬ್ಬರನ್ನೊಬ್ಬರು ಕೇಳದೆ ಕೆಡವೋ ಹಾಗಿಲ್ಲ, ಮನೆ ಮಾರಿದರೆ ಕೊಂಡವರಿಗೂ ಇದೇ ಷರತ್ತು. ಜೊತೆಗೆ ಅಳತೆ ಬರೆದ ನಕ್ಷೆ.

ಕಾಕಾ ಒಪ್ಪದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ಗೆ ಹೋಗೋಣ ಅಂತಿದ್ದೆ. ದಾವೆ ಹೂಡೋ ಮುಂಚೆಯೂ ಅಲ್ಲಿಗೆ ಹೋಗಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ.

ಕಾಕಾ ಈಗ ತಮ್ಮ ಮಾಳಿಗೆ ಕೆಡವೋ ಮಾತಾಡ್ತಿದ್ದಾರೆ. ನಕ್ಷೆ ನಮ್ಮ ಎಂಜಿನಿಯರ್ ಹತ್ತಿರವೇ ಹೋಗಿದೆ. ಈ ಸಲ ನಮ್ಮ ಕೋಣೆಗಳ ಫೋಟೋ ತೆಗೀಬೇಕು.