ಅಮೆರಿಕದ ಮನೆಯೊಳಗೆ ಬಿಸಿ ನೆಲ: ಕಾಂಕ್ರೀಟ್ ಸುರಿಯುವ ಮುಂಚೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ. ಏಪ್ರಿಲ್ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಅದರ ಮೇಲೆ ಮಲಗುತ್ತೇವೆ. ನೆಲ ಬಿಸಿ ಮಾಡೋಕೆ ದುಡ್ಡು ಸುರಿಯುವ ಊರೂ ಇದೆ ಅಂದರೆ ಅಮ್ಮ ಇವತ್ತಿಗೂ ನಗುತ್ತಾರೆ. ನಾನು ಅಮೆರಿಕದ ಚಳಿ ರಾಜ್ಯ ಮಿನೆಸೋಟಾದಲ್ಲಿ ಹನ್ನೊಂದು ವರ್ಷ ಇದ್ದು ವಾಪಸ್ ಬಂದವನು. ಅಲ್ಲಿರುವ ಮಂಡ್ಯ ಕಡೆಯ ಹುಡುಗರು ಈಗಲೂ ಫೋನ್ ಮಾಡುತ್ತಾರೆ. "ಅಣ್ಣಾ, ಬೇಸ್‌ಮೆಂಟಿಗೆ ಹೊಸ ನೆಲ ಹಾಕಿಸ್ಬೇಕು. ಒಳಗೇ ಬಿಸಿನೀರಿನ ಪೈಪ್ ಬಿಡಬಹುದಾ?"

ಬಿಡಬಹುದು. ಆದರೆ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟು ಮಾರನೇ ದಿನ ಜಲ್ಲಿ ಇಳಿಸುವ ನಮ್ಮ ರೀತಿ ಅಲ್ಲಿ ನಡೆಯುವುದಿಲ್ಲ. ಮೊದಲ ಫೋನ್ ನಿಮ್ಮ ಸಿಟಿಯ ಬಿಲ್ಡಿಂಗ್ ವಿಭಾಗಕ್ಕೆ. ಏನೇನು ಪರ್ಮಿಟ್ ಬೇಕು ಅನ್ನುವುದು ಊರಿಂದ ಊರಿಗೆ ಬೇರೆ. ಪೈಪ್ ಹಾಸಿದ ಮೇಲೆ, ಕಾಂಕ್ರೀಟ್ ಬೀಳುವ ಮುಂಚೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಮುಚ್ಚಿಬಿಟ್ಟು ಆಮೇಲೆ ಕರೆದರೆ, ಒಡೆದು ತೋರಿಸಿ ಅನ್ನುವ ಹಕ್ಕು ಅವರಿಗಿದೆ.

ಹಳೇ ನೆಲದ ಮೇಲೆಯೇ ಹಾಕುತ್ತೀರಾ? ಹಾಗಾದರೆ ಮೆಟ್ಟಿಲು ನೋಡಿ. ಫೋಮ್ 2 ಇಂಚು, ಕಾಂಕ್ರೀಟ್ 4 ಇಂಚು, ಒಟ್ಟು ನೆಲ 6 ಇಂಚು ಮೇಲೇಳುತ್ತದೆ. ಬಾಗಿಲನ್ನು ಕೆಳಗಡೆ ಕೊಯ್ಯಬಹುದು, ಕೊನೆಯ ಮೆಟ್ಟಿಲಿಗೇನು ಮಾಡುತ್ತೀರಿ? ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸವನ್ನು ಅಲ್ಲಿನ ಮನೆಕಟ್ಟುವ ಮಾದರಿ ನಿಯಮ ಒಪ್ಪುವುದಿಲ್ಲ. ವಾಸದ ಕೋಣೆಗೆ ಸಾಮಾನ್ಯವಾಗಿ 7 ಅಡಿ ಎತ್ತರವೂ ಉಳಿಯಬೇಕು. ತುಂಬಾ ಜನ ಇಲ್ಲೇ ಸೋತು, ಹಳೇ ನೆಲ ಒಡೆಸಿ ಕೆಳಗೆ ಅಗೆಸುತ್ತಾರೆ.

ಅಗೆದರೆ ಮೊದಲು ಜಲ್ಲಿ, ಅದರ ಮೇಲೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ, ಆಮೇಲೆ ಗಟ್ಟಿ ಫೋಮ್ ಬೋರ್ಡ್, ಕಂಬಿ ಜಾಲರಿ. ಜಾಲರಿಗೆ ಪೆಕ್ಸ್ ಅನ್ನುವ, ಬಾಗುವ ಪ್ಲಾಸ್ಟಿಕ್ ಪೈಪನ್ನು ಕಟ್ಟುತ್ತಾರೆ. ಫೋಮಿನಲ್ಲಿ ದುಡ್ಡು ಉಳಿಸಬೇಡಿ. ಅದಿಲ್ಲದಿದ್ದರೆ ನೀವು ಮಣ್ಣನ್ನು ಬಿಸಿ ಮಾಡುತ್ತಿರುತ್ತೀರಿ, ಅಷ್ಟೇ. ಗೋಡೆಯ ಅಂಚಿಗೂ ಫೋಮ್ ಪಟ್ಟಿ ಬೇಕೇ ಬೇಕು. ಶಾಖ ಜಾಸ್ತಿ ಸೋರುವುದು ಅಲ್ಲಿಂದಲೇ. ಬಿಸಿಗೆ ಹಿಗ್ಗುವ ನೆಲ ಹಳೇ ಗೋಡೆಯನ್ನು ಒತ್ತದಂತೆಯೂ ಅದು ನೋಡಿಕೊಳ್ಳುತ್ತದೆ. ಪೈಪು ಆಕ್ಸಿಜನ್ ತಡೆಯುವ ಪದರ ಇರುವಂಥದ್ದೇ ಆಗಿರಲಿ, ಇಲ್ಲದಿದ್ದರೆ ಬಾಯ್ಲರ್, ಪಂಪಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅರ್ಧ ಇಂಚಿನ ಪೈಪಾದರೆ ಒಂದು ಸುತ್ತು ಸುಮಾರು 300 ಅಡಿ ದಾಟಬಾರದು. ದಾಟಿದರೆ ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಪಂಪಿಗೂ ಭಾರ.

ಸುರಿಯುವ ದಿನ ಪೈಪಿನಲ್ಲಿ ಒತ್ತಡ ತುಂಬಿ, ಮೀಟರ್ ಹಾಕಿಯೇ ಇಟ್ಟಿರಿ. ಯಾರೋ ಸಲಿಕೆ ತಾಗಿಸಿ ತೂತು ಮಾಡಿದರೆ ಮುಳ್ಳು ಕೆಳಗಿಳಿಯುತ್ತದೆ. ಕಾಂಕ್ರೀಟ್ ಹಸಿ ಇರುವಾಗಲೇ ಸರಿಮಾಡಬಹುದು.

ಕಾಂಕ್ರೀಟ್ ಲಾರಿ ಹೊರಗೆ ನಿಲ್ಲುತ್ತದೆ, ನೆಲ ಒಳಗಿದೆ. ಕಟ್ಟಿದ ಮನೆಯಲ್ಲಿ ಇದೇ ದೊಡ್ಡ ತಲೆನೋವು. 20 ಅಡಿಗೆ 20 ಅಡಿ, 4 ಇಂಚು ದಪ್ಪ ಅಂದರೆ ಸುಮಾರು 5 ಕ್ಯೂಬಿಕ್ ಯಾರ್ಡ್. ಅಲ್ಲಿ ಆರ್ಡರ್ ಕೊಡುವುದು ಯಾರ್ಡ್ ಲೆಕ್ಕದಲ್ಲೇ. ಅರ್ಧ ಯಾರ್ಡ್ ಜಾಸ್ತಿ ಹೇಳಿ. ಪಂಪ್ ಬೇಡ, ನಾಲ್ಕು ಜನ ಗೆಳೆಯರು ಕೈಗಾಡಿಯಲ್ಲಿ ತಳ್ಳುತ್ತೇವೆ ಅಂದುಕೊಂಡೆ ನಾನು. ಊರಲ್ಲಿ ಮೋಲ್ಡ್ ಹಾಕುವಾಗ ಬಾಣಲಿ ಕೈಯಿಂದ ಕೈಗೆ ಓಡೋದು ನೋಡಿದ ಧೈರ್ಯ! ಡ್ರೈವರ್ ವಾಚ್ ನೋಡುತ್ತಾ ನಿಂತಿದ್ದ. ತಡವಾದ ಪ್ರತಿ ನಿಮಿಷಕ್ಕೂ ಬಿಲ್ ಬಂತು. ಪಂಪಿನ ಬಾಡಿಗೆಯೇ ಅಗ್ಗವಾಗುತ್ತಿತ್ತು.

ಚಳಿಗಾಲವಾದರೆ ಇನ್ನೊಂದು ಎಚ್ಚರ. ಹೊಗೆ ಹೊರಗೆ ಹೋಗದ ಗ್ಯಾಸ್ ಹೀಟರನ್ನು ಒಳಗೆ ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ಹೊಸ ನೆಲದ ಮೇಲ್ಪದರವೂ ಪುಡಿಪುಡಿಯಾಗುತ್ತದೆ. ನೆಲ ಉಜ್ಜಲು ಪೆಟ್ರೋಲ್ ಎಂಜಿನ್ ಯಂತ್ರವನ್ನೂ ಒಳಗೆ ಓಡಿಸಬೇಡಿ, ಕಿಟಕಿ ಬಾಗಿಲು ತೆಗೆದಿಟ್ಟರೂ ಸಾಲದು.

ಕಾಂಕ್ರೀಟ್ ಗಟ್ಟಿಯಾಗಲು ನಮ್ಮ ಹಾಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕಿಲ್ಲ. ತೇವ ಮಾಡಿ ಪ್ಲಾಸ್ಟಿಕ್ ಹೊದಿಸಿದರೆ ಸಾಕು. ನಾಲ್ಕು ವಾರ ಹೀಟಿಂಗ್ ಮುಟ್ಟಬೇಡಿ. ಆಮೇಲೂ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ನೆಲದ ಮೇಲ್ಮೈ 85 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 29 ಸೆಲ್ಸಿಯಸ್ ದಾಟದಿರಲಿ.

ಮರೆತಿದ್ದೆ. ಕಾಂಕ್ರೀಟ್ ಬೀಳುವ ಮುಂಚೆ ಟೇಪ್ ಇಟ್ಟು ಎಲ್ಲ ಪೈಪಿನ ಫೋಟೋ ತೆಗೆಯಿರಿ. ಮುಂದೆ ಗೋಡೆ ನಿಲ್ಲಿಸಲು ನೆಲಕ್ಕೆ ಡ್ರಿಲ್ ಹಾಕುವವರಿಗೆ ಅದೇ ನಕ್ಷೆ. ಮನೆ ಮಾರಿದ ದಿನ ಬೀಗದ ಕೈ ಜೊತೆ ನಾನು ಕೊಟ್ಟು ಬಂದಿದ್ದೂ ಅದನ್ನೇ.