ಸುರಂಗದ ನೀರು, ಮೈಲುತುತ್ತು ಮತ್ತು ನೀಲಿಯಾಗದ ಪಟ್ಟಿ: ನನ್ನ ಅನುಭವ

ಪಟ್ಟಿ ನೀಲಿಯಾದರೆ ಎಂಜೈಮ್ ಕೆಲಸ ಮಾಡುತ್ತಿದೆ. ಬಿಳಿಯಾಗಿಯೇ ಉಳಿದರೆ ನೀರಿನಲ್ಲಿರುವ ಏನೋ ಒಂದು ಅದನ್ನು ತಡೆದಿದೆ. ನೀರಿನಲ್ಲಿ ಕೆಲವು ಬಗೆಯ ಕೀಟನಾಶಕ ಇದೆಯೇ ಎಂದು ನೋಡಲು ನಾನು ಬಳಸುವ, ಎಂಜೈಮ್ ಹಾಕಿದ ಕಾಗದದ ಸೆನ್ಸರ್ ಇಷ್ಟೇ. ಆದರೆ ಪುಸ್ತಕದಲ್ಲಿ ಬರೆದ ವಿಧಾನವನ್ನು ಹಾಗೆಯೇ ತಂದು ಕಾಸರಗೋಡಿನ ನೀರಿಗೆ ಅದ್ದಿದರೆ ನಡೆಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಮಕ್ಕಳ ಪ್ರಾಜೆಕ್ಟಿಗೆಂದು ಬದಿಯಡ್ಕ, ಪೆರ್ಲ ಕಡೆಯ ಬಾವಿ, ಸುರಂಗ, ತೋಡುಗಳ ನೀರು ತರಿಸಿ ನೋಡುತ್ತೇನೆ. ಹೋದ ಮನೆಯಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಮಾಷ್ಟ್ರೇ, ಇದರಲ್ಲಿ ಎಂಡೋಸಲ್ಫಾನ್ ಗೊತ್ತಾಗ್ತದಾ?"

ಗೊತ್ತಾಗುವುದಿಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನೇ ಸುರಿದ ಊರಿನಲ್ಲಿ ನಿಂತು ಹೀಗೆ ಹೇಳುವುದು ಸುಲಭ ಅಲ್ಲ, ಆದರೆ ಹೇಳದೆ ಪಟ್ಟಿ ತೋರಿಸಿದರೆ ಅದು ಮೋಸ ಆಗುತ್ತದೆ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಗುಂಪಿನ ಕೀಟನಾಶಕ. ಅದು ನರಕ್ಕೆ ಹೊಡೆಯುವ ದಾರಿಯೇ ಬೇರೆ, ಗಾಬಾ ಎಂಬ ರಾಸಾಯನಿಕಕ್ಕೆ ತೆರೆದುಕೊಳ್ಳುವ ಕ್ಲೋರೈಡ್ ಬಾಗಿಲನ್ನು ಮುಚ್ಚುತ್ತದೆ. ನನ್ನ ಪಟ್ಟಿಯಲ್ಲಿರುವುದು ಕೋಲಿನೆಸ್ಟರೇಸ್ ಎಂಬ ಎಂಜೈಮ್. ಅದನ್ನು ಕೆಡಿಸುವವು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಮದ್ದುಗಳು: ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೆಲಾಥಿಯಾನ್, ಒಂದು ಕಾಲದಲ್ಲಿ ಬಾಳೆ ಬುಡಕ್ಕೆ ಹಾಕುತ್ತಿದ್ದ ಫ್ಯುರಡಾನ್, ಇಂಥವು. ವಿಷ ಕುಡಿದವರನ್ನು ಆಸ್ಪತ್ರೆಗೆ ತಂದಾಗ ರಕ್ತದಲ್ಲಿ ಅಳೆಯುವುದೂ ಇದೇ ಎಂಜೈಮನ್ನು.

ಪಟ್ಟಿ ಮಾಡುವುದು ದೊಡ್ಡ ವಿದ್ಯೆ ಏನಲ್ಲ. ಕುದುರೆ ಸೀರಮ್ಮಿನಿಂದ ತೆಗೆದ ಬ್ಯುಟಿರಿಲ್ ಕೋಲಿನೆಸ್ಟರೇಸ್ ತರಿಸುತ್ತೇನೆ. ವಿದ್ಯುತ್ ಈಲ್ ಮೀನಿನ ಎಂಜೈಮ್ ಇನ್ನೂ ಚುರುಕು, ಬೆಲೆಯೂ ಹಾಗೆಯೇ. ಎಂಟರ ಹತ್ತಿರ ಪಿಹೆಚ್ ಇರುವ ಫಾಸ್ಫೇಟ್ ಬಫರಿನಲ್ಲಿ (ಆಮ್ಲ-ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ) ಕರಗಿಸಿ, ಎಂಜೈಮ್ ಬೇಗ ಸಾಯದಂತೆ ಸ್ವಲ್ಪ ಟ್ರೆಹಲೋಸ್ ಸಕ್ಕರೆ ಸೇರಿಸಿ, ಫಿಲ್ಟರ್ ಪೇಪರಿಗೆ ಹನಿ ಹಾಕಿ ತಣ್ಣಗಿನ ಜಾಗದಲ್ಲಿ ಒಣಗಿಸುವುದು. ಇನ್ನೊಂದು ಕಾಗದಕ್ಕೆ ಇಂಡಾಕ್ಸಿಲ್ ಅಸಿಟೇಟ್. ಎಂಜೈಮ್ ಕಾಗದಕ್ಕೆ ನೀರಿನ ಹನಿ ಬಿಟ್ಟು ಹತ್ತು ನಿಮಿಷ ಕಾಯಬೇಕು, ಆಮೇಲೆ ಎರಡನ್ನೂ ಒತ್ತಿ ಹಿಡಿಯಬೇಕು. ಎಂಜೈಮ್ ಜೀವಂತ ಇದ್ದರೆ ಇಂಡಾಕ್ಸಿಲ್ ಅಸಿಟೇಟನ್ನು ಒಡೆಯುತ್ತದೆ, ಹೊರಬಂದದ್ದು ಗಾಳಿ ತಾಗಿ ನೀಲಿ ಇಂಡಿಗೋ ಆಗುತ್ತದೆ. ಪಕ್ಕದಲ್ಲಿ ಭಟ್ಟಿ ಇಳಿಸಿದ ನೀರಿನ ಪಟ್ಟಿ ಒಂದು ಇರಲೇಬೇಕು. ಅದಿಲ್ಲದೆ ಸುಮ್ನೆ ಬಣ್ಣ ನೋಡಿ ಏನೂ ಹೇಳಬಾರದು.

ಸಂಖ್ಯೆ ಬೇಕಾದಾಗ ಎಲ್ಮನ್ 1961ರಲ್ಲಿ ಕೊಟ್ಟ ವಿಧಾನಕ್ಕೆ ಹೋಗುತ್ತೇನೆ. ಅದರಲ್ಲಿ ಹಳದಿ ಬಣ್ಣ, ಕಲರಿಮೀಟರಿನಲ್ಲಿ ಅಳೆಯಬಹುದು. ಭಟ್ಟಿ ನೀರಿನಲ್ಲಿ ಇರುವುದಕ್ಕಿಂತ ಎಂಜೈಮಿನ ಚಟುವಟಿಕೆ ಶೇಕಡಾ 20ರಷ್ಟಾದರೂ ಇಳಿಯದಿದ್ದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನನ್ನ ಗೆರೆ, ನಿಮ್ಮದು ಬೇರೆ ಇರಬಹುದು.

ಈಗ ನಮ್ಮ ನೀರಿನ ವಿಷಯ. ಇಲ್ಲಿನ ಸುರಂಗಗಳು ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದವು. ಮುರಕಲ್ಲಿನಿಂದ ಬಸಿದು ಬರುವ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಕುಡಿಯಲು ಏನೂ ಗೊತ್ತಾಗುವುದಿಲ್ಲ, ಆದರೆ ಕೋಲಿನೆಸ್ಟರೇಸಿಗೆ ಆಮ್ಲ ಆಗಿಬರುವುದಿಲ್ಲ. ಬಫರ್ ಸೇರಿಸದೆ ಹನಿ ಬಿಟ್ಟರೆ ಒಳ್ಳೆಯ ನೀರೂ ಪಟ್ಟಿಯನ್ನು ಮಂಕಾಗಿಸುತ್ತದೆ. ಹಾಗಾಗಿ ಪ್ರತಿ ಮಾದರಿಗೂ ಮೊದಲು ಗಟ್ಟಿ ಬಫರ್ ಬೆರೆಸಿ, ಪಿಹೆಚ್ ನೋಡಿ, ಆಮೇಲೆಯೇ ಪಟ್ಟಿ.

ಅದಕ್ಕಿಂತ ಕುತೂಹಲದ್ದು ಅಡಕೆ ತೋಟ. ಮಳೆಗಾಲದಲ್ಲಿ ಒಬ್ಬರ ತೋಟದ ಕೆಳಗಿನ ತೋಡಿನಿಂದ ತಂದ ನೀರಿಗೆ ಪಟ್ಟಿ ಬೆಳ್ಳಗೇ ಉಳಿಯಿತು. ಮಕ್ಕಳಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ತೋಟದವರನ್ನು ಕೇಳಿದರೆ "ಕೀಟದ ಮದ್ದು ಮುಟ್ಟಿಯೇ ಇಲ್ಲ, ಕೊಳೆರೋಗಕ್ಕೆ ಮದ್ದು ಬಿಟ್ಟದ್ದು ಮಾತ್ರ" ಎಂದರು. ಅಂದರೆ ಬೋರ್ಡೋ ದ್ರಾವಣ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಮೈಲುತುತ್ತಿನ ತಾಮ್ರ ಕೂಡ ಈ ಎಂಜೈಮನ್ನು ತಡೆಯುತ್ತದೆ, ಎಲ್ಮನ್ ವಿಧಾನದಲ್ಲಂತೂ ಬಣ್ಣ ಕೊಡಬೇಕಾದ ಗಂಧಕದ ತುದಿಯನ್ನೇ ಹಿಡಿದುಕೊಳ್ಳುತ್ತದೆ. ಅದೇ ನೀರಿಗೆ ಇಡಿಟಿಎ ಹಾಕಿ ತಾಮ್ರವನ್ನು ಕಟ್ಟಿಹಾಕಿದೆ. ನೀಲಿ ವಾಪಸ್ ಬಂತು. ಆಮೇಲಿಂದ ಅಡಕೆ ತೋಟದ ನೀರನ್ನು ಇಡಿಟಿಎ ಇಲ್ಲದೆ ಒಮ್ಮೆ, ಇದ್ದು ಒಮ್ಮೆ, ಹೀಗೆ ಜೋಡಿಯಾಗಿಯೇ ನೋಡುತ್ತೇನೆ. ಎರಡರಲ್ಲೂ ಬಿಳಿ ಉಳಿದರೆ ಆಗ ಕೀಟನಾಶಕದ ಕಡೆ ಅನುಮಾನ.

ಉಲ್ಟಾ ತೊಂದರೆಯೂ ಇದೆ, ಅದು ಜಾಸ್ತಿ ಅಪಾಯ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೆಲಾಥಿಯಾನ್ ಇವೆಲ್ಲ ಡಬ್ಬಿಯಲ್ಲಿರುವ ರೂಪದಲ್ಲಿ ಎಂಜೈಮನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಯಕೃತ್ತು ಅವುಗಳ ಗಂಧಕವನ್ನು ತೆಗೆದು ಆಮ್ಲಜನಕ ಕೂರಿಸುತ್ತದೆ, ಆಗ ಹುಟ್ಟುವ ಆಕ್ಸಾನ್ ರೂಪವೇ ನಿಜವಾದ ವಿಷ. ಕಾಗದಕ್ಕೆ ಯಕೃತ್ತು ಇಲ್ಲ ಅಲ್ವಾ? ಆ ಕೆಲಸವನ್ನು ನಾವೇ ಮಾಡಬೇಕು. ನಾನು ಸ್ವಲ್ಪ ಬ್ರೋಮಿನ್ ನೀರು ಹಾಕುತ್ತೇನೆ. ಉಳಿದ ಬ್ರೋಮಿನ್ ಎಂಜೈಮನ್ನೇ ಕೊಲ್ಲುತ್ತದೆ, ಆದ್ದರಿಂದ ಅದನ್ನು ವಿಟಮಿನ್ ಸಿಯಿಂದ ತಣಿಸಬೇಕು. ವಿಟಮಿನ್ ಸಿ ಅಳತೆ ಮೀರಿದರೆ ನೀಲಿ ಬರುವುದಕ್ಕೇ ಅಡ್ಡಿ. ಭಟ್ಟಿ ನೀರಿಗೂ ಇದೇ ಎಲ್ಲ ಹಾಕಿ ಹೋಲಿಸಿದರೆ ಮಾತ್ರ ಫಲಿತಾಂಶಕ್ಕೆ ಅರ್ಥ. ಮಾರುಕಟ್ಟೆಯಲ್ಲಿ ಸಿಗುವ ಕಿಟ್ ತಂದವರು ಈ ಹಂತ ಅದರಲ್ಲಿ ಇದೆಯೋ ಇಲ್ಲವೋ ಮೊದಲು ನೋಡಿ.

ಜೂನ್ ಬಂತೆಂದರೆ ಪಟ್ಟಿಗಳು ತೇವ ಎಳೆದು ಬೇಗ ಸತ್ತುಹೋಗುತ್ತವೆ. ಸಿಲಿಕಾ ಜೆಲ್ ಹಾಕಿದ ಡಬ್ಬಿ, ಫ್ರಿಜ್, ಬೇರೆ ದಾರಿ ಇಲ್ಲ.

ನೀಲಿ ಬಂದ ನೀರಿಗೆ ಸರ್ಟಿಫಿಕೇಟ್ ಕೊಡಿ ಎಂದು ಕೇಳುವವರೂ ಇದ್ದಾರೆ. ಕೊಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಮೆಲಾಥಿಯಾನ್ 190 ಮೈಕ್ರೋಗ್ರಾಂವರೆಗೆ ಇರಬಹುದು, ಕ್ಲೋರ್‌ಪೈರಿಫಾಸ್ 30, ಮೀಥೈಲ್ ಪ್ಯಾರಾಥಿಯಾನ್ ಬರೀ 0.3. ನನ್ನ ಪಟ್ಟಿಗೆ ಇವುಗಳ ಹೆಸರು ಗೊತ್ತಿಲ್ಲ, 0.3ರಷ್ಟು ಕಮ್ಮಿ ಇದ್ದರೆ ಅದು ಕಾಣುವುದೂ ಇಲ್ಲ. ಹತ್ತು ಮನೆಯ ನೀರಿನಲ್ಲಿ ಯಾವುದನ್ನು ಮೊದಲು ದೊಡ್ಡ ಲ್ಯಾಬಿಗೆ ಕಳಿಸಬೇಕು ಎಂದು ಆರಿಸುವುದಕ್ಕೆ ಅದು ಸಾಕು. ಎಲ್ಲವನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ (ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ಗುರುತಿಸುವ ಲ್ಯಾಬ್ ಪರೀಕ್ಷೆ) ಕಳಿಸುವಷ್ಟು ದುಡ್ಡು ಯಾರ ಹತ್ತಿರ ಇದೆ? ಬಿಳಿ ಉಳಿದದ್ದನ್ನು ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, ಐಸ್ ಇಟ್ಟು, ಆದಷ್ಟು ಬೇಗ ಕಳಿಸುತ್ತೇನೆ. ಎಂಡೋಸಲ್ಫಾನ್ ಬಗ್ಗೆ ಕೇಳಿದವರ ನೀರು ಮಾತ್ರ ಪಟ್ಟಿಗೆ ಬರುವುದೇ ಇಲ್ಲ, ನೇರ ಅಲ್ಲಿಗೇ ಹೋಗುತ್ತದೆ.