ಕಡಲಿಗಿಳಿಯುವ ಮುನ್ನ ಬೋಟ್ ಎಂಜಿನ್ನಿನ ಎರಡೂ ನೀರು ಪರೀಕ್ಷಿಸಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ದಕ್ಕೆಗಳಲ್ಲಿ ಈ ಎರಡು ತಿಂಗಳು ಬಲೆ, ಬಣ್ಣ, ಎಂಜಿನ್ ಆಯಿಲ್‌ನ ಕೆಲಸ. ಕೂಲಿಂಗ್ ವ್ಯವಸ್ಥೆಗೆ ಮಾತ್ರ ಕಡಿಮೆಯಾದಷ್ಟು ನೀರು ಸುರಿದು ಮುಚ್ಚಳ ಹಾಕಿಬಿಡುವ ರೂಢಿ ಇದೆ. ಅದು ತಪ್ಪು. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ತಾನಾಗಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಗೋ ಹೋಗಿದೆ, ಎಲ್ಲಿಗೆ ಎಂದು ಪತ್ತೆ ಹಚ್ಚಲೇಬೇಕು. ಜುಲೈ ನಡುವಿಗೇ ಈ ಪರೀಕ್ಷೆ ಮುಗಿಸಿದರೆ ಬಿಡಿಭಾಗ ತರಿಸಲು ಸಮಯ ಸಿಗುತ್ತದೆ.

ಈ ಎಂಜಿನ್ನಿನಲ್ಲಿ ಎರಡು ನೀರು ಓಡುತ್ತವೆ. ಬ್ಲಾಕು, ಹೆಡ್ಡಿನೊಳಗೆ ಸುತ್ತುತ್ತಲೇ ಇರುವುದು ಕೂಲಂಟ್. ಇನ್ನೊಂದು ಉಪ್ಪುನೀರು: ಬೋಟಿನ ತಳದ ವಾಲ್ವಿನಿಂದ ಒಳಬಂದು, ಜಾಲರಿ ದಾಟಿ, ಪಂಪಿನ ಮೂಲಕ ಹೀಟ್ ಎಕ್ಸ್‌ಚೇಂಜರಿಗೆ ಹೋಗಿ, ಕೂಲಂಟಿನ ಬಿಸಿ ಹೊತ್ತುಕೊಂಡು ಹೊರಬೀಳುತ್ತದೆ. ಇವೆರಡರ ನಡುವೆ ಇರುವುದು ತೆಳ್ಳಗಿನ ಕೊಳವೆಯ ಗೋಡೆ ಮಾತ್ರ.

ಮೊದಲು ಒತ್ತಡದ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿ ಇದ್ದಾಗ ಮುಚ್ಚಳ ತೆರೆದರೆ ಒತ್ತಡ ಇಳಿದೊಡನೆ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೂಲಂಟನ್ನು ಕಂಠದವರೆಗೆ ತುಂಬಿ, ಮುಚ್ಚಳದ ಜಾಗಕ್ಕೆ ಕೈಪಂಪಿನ ಪ್ರೆಶರ್ ಟೆಸ್ಟರ್ ಕೂರಿಸಿ. ಕಾರಿನ ರೇಡಿಯೇಟರಿಗೆ ಬಳಸುವ ಟೆಸ್ಟರೇ ಸಾಕು, ಬಾಯಿಗೆ ಹೊಂದುವ ಅಡಾಪ್ಟರ್ ಇರಬೇಕು ಅಷ್ಟೆ. ಮುಚ್ಚಳದ ಮೇಲೆ 7, 13 ಅಥವಾ 15 ಎಂದು ಬರೆದಿದ್ದರೆ ಅದು ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕ. ಅಷ್ಟಕ್ಕೇ ಪಂಪ್ ಮಾಡಿ, ಹೆಚ್ಚು ಬೇಡ. 15 ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಸರಿ.

ಮುಳ್ಳು ಇಳಿದರೆ ಮೊದಲು ಹೋಸುಗಳ ಕ್ಲಿಪ್, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಥರ್ಮೋಸ್ಟಾಟ್ (ಬಿಸಿಗೆ ತಾನಾಗಿ ತೆರೆಯುವ ಕೂಲಂಟಿನ ವಾಲ್ವ್) ಮನೆಯ ಪ್ಯಾಕಿಂಗ್ ನೋಡಿ. ಹೊರಗೆಲ್ಲೂ ಹನಿ ಕಾಣದೆ ಒತ್ತಡ ಇಳಿಯುತ್ತಿದ್ದರೆ ಸೋರಿಕೆ ಒಳಗಿದೆ. ಎಂಜಿನ್ ಆಯಿಲ್ ಚಹಾಕ್ಕೆ ಹಾಲು ಬೆರೆಸಿದಂತಾಗಿದ್ದರೆ ನೀರು ಆಯಿಲ್ ಸೇರುತ್ತಿದೆ. ಗೇರ್ ಆಯಿಲ್ ಹಾಗಾಗಿದ್ದರೆ ಗೇರ್ ಕೂಲರ್ ನೋಡಿ. ಎಂಜಿನ್ ಓಡುವಾಗ ಕೂಲಂಟ್ ತುಂಬುವ ಹೆಡರ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇದಾವುದೂ ಇಲ್ಲದಿದ್ದರೆ ಹೀಟ್ ಎಕ್ಸ್‌ಚೇಂಜರ್ ಕೊಳವೆ ತೂತಾಗಿರಬಹುದು. ಉಪ್ಪುನೀರಿನ ಕಡೆಯ ಎಂಡ್ ಕವರ್ ಬಿಚ್ಚಿಟ್ಟು ಮತ್ತೆ ಒತ್ತಡ ಕೊಟ್ಟರೆ, ಯಾವ ಕೊಳವೆಯ ಬಾಯಲ್ಲಿ ಬಣ್ಣದ ನೀರು ಒಸರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಉಪ್ಪಿದೆಯೇ ಎಂದು ಕೂಲಂಟನ್ನು ನಾಲಗೆಗೆ ಮುಟ್ಟಿಸಿ ನೋಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಮುಚ್ಚಳವನ್ನೂ ಅದೇ ಟೆಸ್ಟರಿನಲ್ಲಿ ಪರೀಕ್ಷಿಸಿ. ಒಂದೊಂದು ಪಿಎಸ್‌ಐ ಒತ್ತಡವೂ ನೀರು ಕುದಿಯುವ ಮಟ್ಟವನ್ನು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೇರಿಸುತ್ತದೆ. ರಬ್ಬರ್ ಸವೆದ ಮುಚ್ಚಳ ಆ ಲಾಭವನ್ನೆಲ್ಲ ಕಳೆಯುತ್ತದೆ.

ಉಪ್ಪುನೀರಿನ ಕಡೆ

ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ತಳದ ವಾಲ್ವನ್ನು ಪೂರ್ತಿ ಮುಚ್ಚಿ, ತೆರೆದು ನೋಡಿ. ಎರಡು ತಿಂಗಳು ನಿಂತ ಬೋಟಿನಲ್ಲಿ ಅದರ ಬಾಯಿಗೆ ಚಿಪ್ಪು ಕಟ್ಟಿರುತ್ತದೆ. ಪಂಪಿಗೆ ನೀರೆಳೆಯುವ ಹೋಸನ್ನು ಹಿಸುಕಿದಾಗ ಮೆತ್ತಗಿದ್ದರೆ ಬದಲಿಸಿ, ಎಳೆತಕ್ಕೆ ಅದು ಒಳಗೇ ಚಪ್ಪಟೆಯಾಗುತ್ತದೆ.

ವಾಲ್ವ್ ಮುಚ್ಚಿಯೇ ಪಂಪಿನ ಮುಚ್ಚಳ ಬಿಚ್ಚಿ, ನೀರು ತಳ್ಳುವ ಎಲೆಗಳಿರುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಹೊರತೆಗೆಯಿರಿ. ಎಲೆಗಳನ್ನು ಒಂದೊಂದಾಗಿ ಬಗ್ಗಿಸಿ, ಬುಡದಲ್ಲಿ ಕೂದಲೆಳೆಯ ಸೀಳು ಕಂಡರೂ ಹೊಸದು ಹಾಕಿ. ಚೆನ್ನಾಗಿಯೇ ಕಂಡರೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಎಲೆ ಮುರಿದಿದ್ದರೆ ಹೊಸ ಇಂಪೆಲ್ಲರ್ ಹಾಕಿದಲ್ಲಿಗೆ ಕೆಲಸ ಮುಗಿಯದು. ಎಷ್ಟು ತುಂಡು ಹೋಗಿದೆಯೋ ಅಷ್ಟೂ ಸಿಗಬೇಕು. ಅವು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತು ನೀರು ತಡೆಯುತ್ತವೆ. ಹೊಸ ಎಲೆಗಳಿಗೆ ಗ್ಲಿಸರಿನ್ ಅಥವಾ ಸೋಪುನೀರು ಸವರಿ, ಗ್ರೀಸ್ ಬೇಡ, ರಬ್ಬರ್ ಊದುತ್ತದೆ. ನೀರಿಲ್ಲದೆ ಈ ಪಂಪು ಒಂದೆರಡು ನಿಮಿಷ ಓಡಿದರೂ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಆದ್ದರಿಂದ ವಾಲ್ವ್ ಮುಚ್ಚಿದ ಕೂಡಲೇ ಅದರ ಹಿಡಿಗೆ ‘ಮುಚ್ಚಿದೆ’ ಎಂದು ಚೀಟಿ ಕಟ್ಟಿ.

ಹೀಟ್ ಎಕ್ಸ್‌ಚೇಂಜರಿಗೆ ತಿರುಗಿಸಿ ಕೂರಿಸಿದ ಸತುವಿನ ಪೆನ್ಸಿಲ್ ಆನೋಡ್ ಅರ್ಧ ಸವೆದಿದ್ದರೆ ಬದಲಿಸಿ. ತುಕ್ಕು ಮೊದಲು ತಿನ್ನುವುದು ಇದನ್ನು, ಇದು ಮುಗಿದರೆ ಕೊಳವೆಗಳನ್ನು. ಅದರ ತಿರುಪಿನ ಎಳೆಗೆ ಟೆಫ್ಲಾನ್ ಟೇಪ್ ಸುತ್ತಿದರೆ ಲೋಹದ ಸಂಪರ್ಕ ಕಡಿದು ಆನೋಡ್ ಕೆಲಸಕ್ಕೆ ಬಾರದಂತಾಗಬಹುದು. ಮುರಿದ ಹಳೆಯ ತುಂಡೂ ಒಳಗೆ ಬಿದ್ದಿದೆಯೇ ನೋಡಿ.

ಕೊಳವೆಗಳ ಮಣ್ಣು, ಚಿಪ್ಪನ್ನು ಮರದ ಕಡ್ಡಿಯಿಂದ ತಳ್ಳಿ, ಉಕ್ಕಿನ ಸರಳು ಗೀರು ಬೀಳಿಸುತ್ತದೆ. ಗಟ್ಟಿ ಸುಣ್ಣದಂಥ ಪದರ ಕಟ್ಟಿದ್ದರೆ ಕೊಳವೆ ಕಟ್ಟನ್ನು ಕಳಚಿ, 10 ಲೀಟರ್ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಸಿಡ್ ಕರಗಿಸಿ ಅದರಲ್ಲಿ ನೆನೆಸಿ. ನೊರೆ ನಿಂತ ಮೇಲೆ ತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಸಿಹಿನೀರಿನಲ್ಲಿ ಜಾಲಿಸಿ. ಓ-ರಿಂಗ್ ಹಳೆಯದನ್ನೇ ಹಾಕಬೇಡಿ.

ತಳದ ಹೊರಗೆ ಪೈಪು ಹಾಯಿಸಿ ಕೂಲಂಟ್ ತಣಿಸುವ ಬೋಟುಗಳಲ್ಲಿ ಎಕ್ಸ್‌ಚೇಂಜರ್ ಇಲ್ಲ. ಆ ಪೈಪಿನ ಚಿಪ್ಪು ಕೆರೆಯಿರಿ. ಅದರ ಮೇಲೆ ದಪ್ಪಗೆ ಪೇಂಟ್ ಬಳಿಯಬೇಡಿ, ಬಿಸಿ ಹೊರಗೆ ಹೋಗುವುದಿಲ್ಲ.

ಥರ್ಮೋಸ್ಟಾಟ್ ಮತ್ತು ಕೂಲಂಟ್

ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ಕುದಿಯುವ ಹೊತ್ತಿಗೆ ಪೂರ್ತಿ ತೆರೆಯಬೇಕು. ಕೆಟ್ಟಿದೆ ಎಂದು ತೆಗೆದು ಬಿಸಾಡಿ ಹಾಗೇ ಓಡಿಸುವವರಿದ್ದಾರೆ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಸಿಲಿಂಡರಿನ ಒಳಗೋಡೆಯಾದ ಲೈನರ್ ಬೇಗ ಸವೆಯುತ್ತದೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಎಂದು ಬಾವಿ ನೀರು ಹಾಕುವುದುಂಟು. ಕೂಲಂಟಿನಲ್ಲಿ ನಮಗೆ ಬೇಕಿರುವುದು ತುಕ್ಕು ತಡೆಯುವ ರಾಸಾಯನಿಕ. ಗಡಸು ನೀರು ಹೆಡ್ಡಿನ ಒಳಗೆ ಪದರ ಕಟ್ಟುತ್ತದೆ. ಗೋಡೆಗೆ ಬಿಸಿ ಅಂಟಿಕೊಳ್ಳುತ್ತದೆ, ಬಿಸಿ ತೋರಿಸುವ ಮೀಟರಿಗೆ ಗೊತ್ತಾಗುವುದಿಲ್ಲ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ. ಸಾದಾ ಕೂಲಂಟಿಗೆ ಎರಡು ವರ್ಷ ಆಯುಸ್ಸು. ರಿಫ್ರಾಕ್ಟೋಮೀಟರ್ ಗ್ಲೈಕಾಲ್ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ತುಕ್ಕು ತಡೆಯುವ ಶಕ್ತಿ ಉಳಿದಿದೆಯೇ ಎಂಬುದಕ್ಕೆ ಟೆಸ್ಟ್ ಸ್ಟ್ರಿಪ್ ಬೇಕು. ಬಣ್ಣ ಒಂದೇ ಎಂದು ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ, ಕೆಲವು ಸೇರಿ ಲೋಳೆಯಾಗುತ್ತವೆ. ಹಳೆಯದನ್ನು ಹೊಳೆಗೆ ಸುರಿಯಬೇಡಿ, ದಕ್ಕೆಯಲ್ಲಿ ತೆರೆದಿಡಲೂಬೇಡಿ. ಸಿಹಿಯಾದ ಅದನ್ನು ನಾಯಿಗಳು ನೆಕ್ಕಿ ಸಾಯುತ್ತವೆ.

ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ನೀರು ಬಂದ ಮೇಲೆ ಬಿಗಿಮಾಡಿ. ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಕಡಿಮೆಯಾದಷ್ಟು ತುಂಬಿ. ಒಳಗೆ ಉಳಿದ ಗಾಳಿ ಮೋಸ ಮಾಡುತ್ತದೆ: ಸೆನ್ಸರಿನ ಸುತ್ತ ನೀರಿಲ್ಲದಿದ್ದರೆ ಎಂಜಿನ್ ಸುಡುತ್ತಿದ್ದರೂ ಮೀಟರ್ ಕಡಿಮೆ ತೋರಿಸಬಹುದು.

ಕೊನೆಗೆ ಬೋಟನ್ನು ನೀರಿಗಿಳಿಸಿ, ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ. ಹೊರಬೀಳುವ ಉಪ್ಪುನೀರನ್ನು ಬಕೆಟಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡಿ. ಎಕ್ಸ್‌ಚೇಂಜರಿಗೆ ಕೂಲಂಟ್ ಹೋಗುವ, ಬರುವ ಪೈಪುಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಆರ್‌ಪಿಎಂ, ಎರಡೂ ಪೈಪಿನ ಡಿಗ್ರಿ, ಬಕೆಟಿನ ಸೆಕೆಂಡು, ತಾರೀಕು, ನಾಲ್ಕನ್ನೂ ಎಂಜಿನ್ ಕೋಣೆಯ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ನವೆಂಬರಿನಲ್ಲಿ ಅದೇ ಆರ್‌ಪಿಎಂಗೆ ಬಕೆಟ್ ತುಂಬಲು ಹೆಚ್ಚು ಹೊತ್ತು ಹಿಡಿದರೆ, ಮೀಟರ್ ಏರುವುದನ್ನು ಕಾಯದೆ ಮೊದಲು ಜಾಲರಿ, ಆಮೇಲೆ ಇಂಪೆಲ್ಲರ್ ಬಿಚ್ಚಿ.